ನನ್ನನ್ನು ಒಲ್ಲೆ ಎಂದ ಮಾವ

ನನ್ನನ್ನು ಮದುವೆಯಾಗಲು ಒಲ್ಲೆ ಎಂದ ಗಂಡಸು ಈ ಲೋಕದಲ್ಲಿ ಒಬ್ಬನೇ, ಅವನು ನನ್ನ ಸೋದರಮಾವ! ಅದಕ್ಕೆ ನನ್ನ ಮೂಗು, ಬಣ್ಣ, ಅಡಿಗೆ ಯಾವುದೂ ಕಾರಣವಲ್ಲ. ಎಲುಬಿನೊಳಗಿನ ಒಂದು ಜೀನ್ ಕಾರಣ! ಇಂಥ ಅವಮಾನ ಇನ್ಯಾವ ಹೆಣ್ಣಿಗಾದರೂ ಆಗಿದೆಯೇ?

ನಮ್ಮ ತಂಗಡಗಿಯ ಮನೆಯಲ್ಲಿ ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ರೂಢಿ. ನನ್ನ ಅವ್ವನನ್ನೂ ಅವಳ ಸೋದರಮಾವನಿಗೇ ಕೊಟ್ಟಿದ್ದರು. ನನಗಿಂತ ಮೊದಲು ಹುಟ್ಟಿದ ಗಂಡುಕೂಸು ಸುಣ್ಣದಂತೆ ಬಿಳಿಚಿಕೊಂಡು, ಮೈಯಲ್ಲಿ ರಕ್ತವೇ ಆಗದೆ ತೀರಿಕೊಂಡಿತಂತೆ. ಅದನ್ನು ಎತ್ತಿ ಆಡಿಸಿದವನು ಅವ್ವನ ತಮ್ಮ, ಇದೇ ಮಾವ. ಮುಂದೆ ಮುದ್ದೇಬಿಹಾಳದ ಕಾಲೇಜಿನಲ್ಲಿ ಜೀವಶಾಸ್ತ್ರದ ಲೆಕ್ಚರರ್ ಆದ. ತೊಂಬತ್ತರ ದಶಕದಲ್ಲಿ, ನಮ್ಮಿಬ್ಬರ ನಿಶ್ಚಯದ ದಿನ, ಎಲೆಅಡಿಕೆ ಹಂಚುವ ಮೊದಲೇ ಎದ್ದು ನಿಂತು ಪಾಠ ಶುರುಮಾಡಿದ!

"ಎಲುಬಿನ ಮಜ್ಜಿಯೊಳಗ ರಕ್ತದ ಕಣ ಎಲ್ಲಾ ಮೊದಲಿಗೆ ಒಂದ ನಮೂನಿ ಇರ್ತಾವ್ರಿ. ನೀ ಕೆಂಪು ಆಗು, ನೀ ಬಿಳಿ ಆಗು ಅಂತ ಉಳಿದ ಜೀನ್‌ಗಳಿಗೆ ಅಪ್ಪಣಿ ಕೊಡಾಕ ಒಂದು ಜೀನ್ ಐತಿ. ತಾಯಿಯಿಂದ ಒಂದು ಪ್ರತಿ, ತಂದಿಯಿಂದ ಒಂದು. ಒಂದು ಮೂಕಾದ್ರ ಇನ್ನೊಂದು ಕೂಗತೈತಿ. ಎರಡೂ ಮೂಕಾದ್ರ ಕೂಸು ಉಳಿಯಂಗಿಲ್ಲ. ಒಂದ ರಕ್ತದಾಗ ಕೊಟ್ಟು ತಂದ್ರ ಎರಡೂ ಮೂಕಾದುವು ಕೂಡೂದು ಜಾಸ್ತಿ."

ಅಜ್ಜಿ, ಅಂದರೆ ಅವನ ಹೆತ್ತ ತಾಯಿ, ಸಿಡಿದಳು: "ಅದು ಮೂಕಾಗೂದಕಿಂತ ಮೊದಲ ನೀ ಮೂಕ ಆಗಬಾರದಿತ್ತೇನೋ ಭಾಡ್ಯಾ!"

ಅಂದೇ ಮಗನೊಡನೆ ಮಾತು ಬಿಟ್ಟಳು.

ಮಾವನೇನೋ ಬಾಯಿ ಮುಚ್ಚಲಿಲ್ಲ. ಮುದ್ದೇಬಿಹಾಳದ ಆಟೋದವನೊಬ್ಬ ಕೈಮುಗಿದ: "ಸರ, ಬಾಡಿಗಿನೂ ಬ್ಯಾಡ್ರಿ, ಪಾಠಾನೂ ಬ್ಯಾಡ್ರಿ, ಇಲ್ಲೇ ಇಳಕೋರಿ!" ಯಾವ ಮದುವೆಯ ಹಂದರ ಕಂಡರೂ ಕರೆಯದೆ ನುಗ್ಗಿ, "ಮಾವ-ಸೊಸಿ ಏನ್ರಿ?" ಎಂದು ವಿಚಾರಿಸುತ್ತಿದ್ದ. ಬೀಗರೊಬ್ಬರು ಅವನ ಎಲೆಗೆ ಮತ್ತೆ ಮತ್ತೆ ಹೋಳಿಗೆ ಬಡಿಸಿದರಂತೆ. "ಉಣ್ರಿ ಸರ, ಬಾಯಿ ಖಾಲಿ ಬಿಡಬ್ಯಾಡ್ರಿ!"

ಎಳ್ಳಮಾವಾಸ್ಯೆಗೆ ಊರಿಗೆ ಊರೇ ಹೊಲದಲ್ಲಿ ಕೂಡಿ ಉಣ್ಣುವ ದಿನ, ನಾನು ಕಡುಬು ಕಟ್ಟಿಕೊಂಡು ಅವನ ಬಾಡಿಗೆ ಖೋಲಿಗೆ ಹೋದೆ. ಗೋಡೆಯ ಮೇಲಿನ ರಕ್ತಕಣಗಳ ನಕ್ಷೆಯ ಮುಂದೆ ಒಬ್ಬನೇ ಕೂತು ಅನ್ನ ಸಾರು ಉಣ್ಣುತ್ತಿದ್ದ.

"ಇವು ಛಲೋ ನೋಡವ್ವ," ಎಂದು ನಕ್ಷೆ ತೋರಿಸಿ ನಕ್ಕ. "ಪಾಠದ ನಡುವ ಎದ್ದು ಹೋಗಂಗಿಲ್ಲ."

ನನಗೆ ನಗು ಬರಲಿಲ್ಲ.

ಮುಂದೆ ನನ್ನನ್ನು ಸಿಂದಗಿ ಕಡೆಯ ಯಂಕಂಚಿಗೆ, ಸಂಬಂಧವಿಲ್ಲದ ಮನೆಗೆ ಕೊಟ್ಟರು. ತವರಿನಲ್ಲಿ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಹಟ ಹಿಡಿದು ಮಾವನನ್ನು ಕರೆಸಿದೆ. ಅವನು ಹೊಸ್ತಿಲಾಚೆಯೇ ನಿಂತ. ಅಜ್ಜಿ ಮುಖ ತಿರುಗಿಸಿದಳು. ಯಂಕಂಚಿಯಿಂದ ಬಂದಿದ್ದ ನನ್ನ ಅತ್ತೆ ಮಾತ್ರ ಅವನನ್ನು ಕಂಡದ್ದೇ ತಡ, "ಅಯ್ಯ, ಬರ್ರಿ ಬರ್ರಿ!" ಎಂದು ಎದ್ದರು. "ಲಗ್ನಕ್ಕ ಮೊದಲ ಇವರ ನಮ್ಮೂರಿಗೆ ಬಂದಿದ್ರು. 'ಆಕೀನ ಒಲ್ಲೆ ಅಂದಾಂವ ನಾನ. ಐಬು ನನ್ನ ರಕ್ತದಾಗ ಐತ್ರಿ, ಹುಡುಗಿ ಬಂಗಾರ' ಅಂತ ಹೇಳಿ, ನೀರೂ ಕುಡೀದ ಹೋದ್ರು. ನಾವು ಹೂಂ ಅಂದದ್ದ ಅದಕ್ಕ."

ಗಂಡು ಒಲ್ಲೆ ಎಂದರೆ ಜನ ಹೆಣ್ಣಿನಲ್ಲೇ ಐಬು ಹುಡುಕುತ್ತಾರೆ. ಆ ಐಬನ್ನು ತನ್ನ ಮೈಮೇಲೆ ಎಳೆದುಕೊಂಡು ಸಾರಿದವನಿಗೆ ಇನ್ನು ಯಾರು ಹೆಣ್ಣು ಕೊಟ್ಟಾರು?

ಅಜ್ಜಿ ಕೂಸನ್ನು ಎತ್ತಿ ಮಗನ ಮುಂದೆ ಹಿಡಿದಳು. "ತಗೋ."

"ತಡಿ ಯವ್ವಾ... ಕೈ ತೊಳ್ಕೊಂಡ ಬರ್ತೇನಿ."

ಬಚ್ಚಲಿಗೆ ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ಒಳಗೆ ನೀರಿನ ಸದ್ದಿರಲಿಲ್ಲ, ಮೂಗೆಳೆಯುವ ಸದ್ದಿತ್ತು. ಅಜ್ಜಿ ಕೂಸನ್ನು ಹಿಡಿದುಕೊಂಡೇ ಬಾಗಿಲ ಹೊರಗೆ ಕಾಯುತ್ತ ನಿಂತಳು.