ದೇವರ ಜಗಲಿಯ ಮೇಲೆ ನಾಲ್ಕು ಪ್ಲಗ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ಅಕ್ಕನ ಕಾರಿಗೆ ನಾಲ್ಕು ಹೊಸ ಸ್ಪಾರ್ಕ್ ಪ್ಲಗ್ ಹಾಕುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನಾನು ಹಾಕಲಿಲ್ಲ. ಒಂದು ಕೆಲಸ ಮಾಡದೆ ಬಿಟ್ಟದ್ದು ಅಂಥ ದೊಡ್ಡ ಅಪರಾಧವೇನಲ್ಲ. ನಾನು ಮಾಡದೆ ಬಿಟ್ಟ ಕೆಲಸಗಳ ಬಗ್ಗೆ ನಮ್ಮ ಬಚ್ಚಲಿನ ನಲ್ಲಿಯನ್ನು ಕೇಳಿದರೆ ಅದು ಹನಿ ಹನಿಯಾಗಿ ಹೇಳುತ್ತದೆ. ಆದರೆ ಅಕ್ಕ ಫೋನಿನಲ್ಲಿ "ಹಾಕಿದೇನೋ ಬಸೂ?" ಎಂದು ಕೇಳಿದಳು. ನಾನು "ಹೂಂ" ಅಂದೆ. ಆ ಒಂದು ಹೂಂ ದಸರೆಯಿಂದ ಬೇಸಿಗೆಯವರೆಗೆ ನನ್ನ ಗಂಟಲಿನಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಮೀನು ತಿನ್ನದ ಮನೆಯವನಾದ ನನಗೆ ಈ ಹೋಲಿಕೆ ಹೇಗೆ ಹೊಳೆಯಿತೆಂದು ಕೇಳಬೇಡಿ. ನಾಗಪುರದಲ್ಲಿ ಐವತ್ತು ವರ್ಷ ಇದ್ದವನಿಗೆ ಎಲ್ಲ ಮನೆಯ ಊಟದ ಸುದ್ದಿಯೂ ಗೊತ್ತಿರುತ್ತದೆ.

ನಾನು ಇಲ್ಲಿಯ ಇತವಾರಿ ಪೇಟೆಯಲ್ಲಿ ಸ್ಕೂಟರು, ಮೋಟರ್ ಸೈಕಲ್ ರಿಪೇರಿ ಮಾಡುವವನು. ಓದಿದ್ದು ಏಳನೆಯ ಇಯತ್ತೆ, ಅದೂ ಮರಾಠಿ ಶಾಲೆಯಲ್ಲಿ. ಅಪ್ಪ ಗದಗಿನ ಕಡೆಯಿಂದ ಪಕ್ಕದ ಕಾಮಠಿಯ ಮಿಲಿಟರಿ ದಂಡಿಗೆ ಅಡುಗೆಯವರಾಗಿ ಬಂದು ಇಲ್ಲಿಯೇ ಉಳಿದರು. ಈ ನಾಲ್ಕು ಸಾಲು ಕನ್ನಡ ಬರೆಯಲು ನನಗೆ ಬರುತ್ತಿದ್ದರೆ ಅದು ನೀಲಕ್ಕನ ಪುಣ್ಯ. ಹಳೆಯ ಕ್ಯಾಲೆಂಡರಿನ ಹಾಳೆಗಳ ಬೆನ್ನಿಗೆ ಅವಳು ಅಕ್ಷರ ಬರೆದು ಕೊಡುತ್ತಿದ್ದಳು, ನಾನು ಅದರ ಮೇಲೆ ತಿದ್ದುತ್ತಿದ್ದೆ. ಇವತ್ತಿಗೂ ನನಗೆ ಳ ಅಕ್ಷರ ಕಂಡರೆ ಯಾವುದೋ ಹಳೆಯ ಫೆಬ್ರವರಿ ನೆನಪಾಗುತ್ತದೆ.

ಅಕ್ಕನ ಇನ್ನೊಂದು ಉಪಕಾರವನ್ನೂ ಇಲ್ಲಿಯೇ ಹೇಳಬೇಕು, ಮುಂದೆ ಅದು ಬೇಕಾಗುತ್ತದೆ. ಅವಳ ಮೆಟ್ರಿಕ್ ಪರೀಕ್ಷೆಯ ಹಿಂದಿನ ದಿನ ನಾನು ಅವಳ ಸೈಕಲ್ಲನ್ನು ಬಿಚ್ಚಿದೆ. ಒಳಗೆ ಏನಿದೆ ನೋಡುವ ಆಸೆ. ಸಾಯಂಕಾಲದ ಹೊತ್ತಿಗೆ ಒಳಗೆ ಇದ್ದದ್ದೆಲ್ಲ ಹೊರಗೆ ಬಂದಿತ್ತು, ಒಂದೂ ಮರಳಿ ಒಳಗೆ ಹೋಗಲೊಪ್ಪಲಿಲ್ಲ. ಅಕ್ಕ ಮರುದಿನ ಪರೀಕ್ಷೆಗೆ ನಡೆದುಕೊಂಡೇ ಹೋದಳು. ಅಪ್ಪ ಸೈಕಲ್ ಎಲ್ಲಿ ಎಂದು ಕೇಳಿದಾಗ, "ಸರ್ವಿಸಿಂಗ್‌ಗೆ ಕೊಟ್ಟೀನ್ರಿ ಅಪ್ಪಾ" ಅಂದಳು. ಎಂಟು ದಿನ ಅದು ಸರ್ವಿಸಿಂಗ್‌ನಲ್ಲೇ ಇತ್ತು, ಅಂದರೆ ನಮ್ಮ ಮಂಚದ ಕೆಳಗೆ. ನಾನು ಶಾಲೆ ಬಿಟ್ಟಾಗ, "ಅವನ ತಲೀ ಕೈಯಾಗ ಐತಿ, ಬಿಡ್ರಿ" ಎಂದು ಅಪ್ಪನಿಗೆ ತಿಳಿಹೇಳಿ, ತನ್ನ ಮೊದಲ ಸಂಬಳದಲ್ಲಿ ನನಗೆ ಪಾನಾಗಳ, ಅಂದರೆ ಸ್ಪ್ಯಾನರುಗಳ, ಸೆಟ್ ಕೊಡಿಸಿದವಳೂ ಅವಳೇ. ಆ ಪಾನಾಗಳಿಂದಲೇ ನನ್ನ ಮನೆ ನಡೆಯುತ್ತದೆ.

ಅಂಥ ಅಕ್ಕ ಬ್ಯಾಂಕಿನಿಂದ ನಿವೃತ್ತಳಾದ ತಿಂಗಳು ಒಂದು ಕಾರು ಕೊಂಡಳು. ಬೆಳ್ಳಿಯದೋ ಬಂಗಾರದ್ದೋ ಏನಾದರೂ ಕೊಂಡಿದ್ದರೆ ಮಂದಿಗೆ ಅರ್ಥವಾಗುತ್ತಿತ್ತು. ಅವಳು ಕೊಂಡದ್ದು ನೆಲಕ್ಕೆ ಅಂಟಿಕೊಂಡ ಹಾಗೆ ಕೂತಿರುವ, ಕೆಂಪು ಬಣ್ಣದ, ಹಳೆಯ ಜಪಾನೀ ಸ್ಪೋರ್ಟ್ಸ್ ಕಾರು. ಅವರ ಬೀದಿಯಲ್ಲಿದ್ದ ವಾಯುಪಡೆಯ ನಿವೃತ್ತ ಅಧಿಕಾರಿಯೊಬ್ಬರು ವಿದೇಶದಿಂದ ತಂದಿದ್ದರು. ಊರು ಬಿಡುವಾಗ, ಇಷ್ಟು ವರ್ಷ ದಿನಾ ನಿಂತು ನೋಡಿದವರು ನೀವೊಬ್ಬರೇ ಎಂದು ಅಕ್ಕನಿಗೇ ಮಾರಿ ಹೋದರು. ಜೀವಮಾನವಿಡೀ ಒಬ್ಬರ ಫೀ, ಇನ್ನೊಬ್ಬರ ಮದುವೆ ಎನ್ನುತ್ತ ಬಂದವಳು ತನಗೆಂದೇ ಕೊಂಡ ಒಂದೇ ವಸ್ತು ಅದು. ಭಾವ ಮಾತ್ರ ಎರಡನೆಯ ದಿನವೇ ಅದರಲ್ಲಿ ಹೋಗುವುದನ್ನು ಬಿಟ್ಟರು. "ಅದರಾಗ ಕೂಡೂದಲ್ಲೋ, ಮಲಗೂದು. ಎಬ್ಬಸಾಕ ಇಬ್ಬರು ಬೇಕು" ಎನ್ನುತ್ತಾರೆ. ಅಕ್ಕ ಭಾನುವಾರ ಬೆಳಿಗ್ಗೆ ಒಬ್ಬಳೇ ಸೀರೆಯ ಸೆರಗು ಸಿಕ್ಕಿಸಿಕೊಂಡು ಸಿವಿಲ್ ಲೈನ್ಸಿನ ಅಗಲವಾದ ರಸ್ತೆಗಳಲ್ಲಿ ಒಂದು ಸುತ್ತು ಹೊಡೆದು ಬರುತ್ತಿದ್ದಳು. ಬಂದಮೇಲೆ ಅವಳ ಮುಖ ನೋಡಬೇಕು, ಹದಿನಾರರ ಹುಡುಗಿ.

ಆ ಕಾರಿನ ಇಂಜಿನ್ ಎಲ್ಲ ಇಂಜಿನ್‌ಗಳ ಹಾಗಲ್ಲ. ನಮ್ಮ ಸ್ಕೂಟರಿನ ಪಿಸ್ಟನ್ ಒನಕೆಯ ಹಾಗೆ ಮೇಲೆ ಕೆಳಗೆ ಕುಟ್ಟುತ್ತದೆ. ಇದರಲ್ಲಿ ಒನಕೆಯೇ ಇಲ್ಲ, ಬೀಸುಕಲ್ಲಿದೆ. ಮೂರು ಮೂಲೆಯ ಎರಡು ಕಬ್ಬಿಣದ ಕಲ್ಲುಗಳು ಒಂದರ ಪಕ್ಕ ಒಂದು ಗರಗರ ತಿರುಗುತ್ತವೆ, ಪೆಟ್ರೋಲಿನ ಜೊತೆಗೆ ಒಂದಿಷ್ಟು ಆಯಿಲನ್ನೂ ಕುಡಿಯುತ್ತವೆ. ಒಂದೊಂದಕ್ಕೂ ಎರಡು ಪ್ಲಗ್: ಕೆಳಗಿನದು ಮೊದಲು ಕಿಡಿ ಕೊಡುತ್ತದೆ, ಮೇಲಿನದು ಹಿಂದಿನಿಂದ ಬಂದು ಉಳಿದದ್ದನ್ನು ಸುಡುತ್ತದೆ. ಮುಂದೆ ಅಕ್ಕ, ಹಿಂದೆ ತಮ್ಮ ಅಂದುಕೊಳ್ಳಿ. ಎರಡರ ಜಾತಿಯೇ ಬೇರೆ, ಅದಲುಬದಲು ಮಾಡುವಂತಿಲ್ಲ. ಆಯಿಲ್ ಕುಡಿಯುವ ಇಂಜಿನ್ ಆದ್ದರಿಂದ ಪ್ಲಗ್‌ಗಳು ಬೇಗ ಸವೆಯುತ್ತವೆ. ಸವೆದಿದ್ದವು. ಅಕ್ಕ ಯಾರು ಯಾರಿಗೋ ಹೇಳಿ, ಕಾದು, ನಾಲ್ಕು ಹೊಸ ಪ್ಲಗ್ ತರಿಸಿದಳು. ಅವು ನನ್ನ ಕೈಗೆ ಬಂದದ್ದು ಖಂಡೇ ಪೂಜೆಯ, ಅಂದರೆ ದಸರೆಯ ಆಯುಧಪೂಜೆಯ, ಹಿಂದಿನ ದಿನ.

ಇಲ್ಲಿಂದ ನನ್ನ ತಪ್ಪು ಶುರು. ಖಂಡೇ ಪೂಜೆಯ ದಿನ ನಾವು ಹತಾರಗಳನ್ನು ಮುಟ್ಟುವುದಿಲ್ಲ, ಪೂಜೆ ಮಾಡಿ ಕೂಡಿಸುತ್ತೇವೆ. ಪಾನಾಗಳ ಪಕ್ಕದಲ್ಲಿ ಪ್ಲಗ್‌ಗಳನ್ನೂ ದೇವರ ಜಗಲಿಯ ಮೇಲೆ ಸಾಲಾಗಿ ನಿಲ್ಲಿಸಿದೆ. ನನ್ನ ಹೆಂಡತಿ ಗಿರಿಜಾ ಅವಕ್ಕೂ ವಿಭೂತಿ ಹಚ್ಚಿ ಕುಂಕುಮ ಇಟ್ಟಳು. ಬಿಳಿ ಮೈ, ತುದಿಯಲ್ಲಿ ಸೂಜಿಯಂಥ ಮೊನೆ, ಮೂರು ಬೆರಳಿನ ವಿಭೂತಿ. ನಾಲ್ಕು ಜನ ಸಣ್ಣ ಸ್ವಾಮಿಗಳು ಕೂತ ಹಾಗೆ ಕಂಡವು. ಮರುದಿನ ಪಾನಾಗಳು ಎದ್ದು ಕೆಲಸಕ್ಕೆ ಹೋದವು. ಪ್ಲಗ್‌ಗಳನ್ನು ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ. ನಮ್ಮ ಮನೆತನದಲ್ಲಿ ಹೊಸ ವಸ್ತುವನ್ನು ಬಂದ ಕೂಡಲೇ ಬಳಸುವುದೆಂದರೆ ದುಂದುಗಾರಿಕೆ. ಅವ್ವ ಕೊಂಡ ಸ್ಟೀಲ್ ಡಬ್ಬಿಗಳು ಅವಳು ಹೋಗಿ ಹತ್ತು ವರ್ಷವಾದರೂ ಚೀಟಿ ಸಮೇತ ಟ್ರಂಕಿನಲ್ಲಿವೆ. ಮತ್ತೆ ಸಿಗದಂಥ ಪ್ಲಗ್‌ಗಳು, ಅಡಚಣೆಗೆ ಇರಲಿ ಅಂದುಕೊಂಡೆ. ಅಕ್ಕನ ಮನೆಗೆ ಹೋದವನು ಎಡಗಡೆಯ ಮುಂದಿನ ಚಕ್ರ ಬಿಚ್ಚಿ, ಒಳಗೆ ಕೈ ತೂರಿಸಿ ಹಳೆಯ ನಾಲ್ಕನ್ನೂ ತೆಗೆದೆ, ಸ್ಕೂಟರಿನ ಪ್ಲಗ್ಗಿಗೆ ಮೂವತ್ತು ವರ್ಷ ಮಾಡಿದ ಹಾಗೆ ಎಮರಿ ಕಾಗದದಿಂದ ಗಸಗಸ ತಿಕ್ಕಿದೆ, ಮತ್ತೆ ಅವನ್ನೇ ಹಾಕಿದೆ. ಆ ಜಾತಿಯ ಪ್ಲಗ್ಗಿನ ಮೊನೆಗೆ ಎಮರಿ ಕಾಗದ ತೋರಿಸಲೂ ಬಾರದೆಂದು ಆಮೇಲೆ ತಿಳಿಯಿತು. ನಾನು ತಿಕ್ಕಿದ್ದು ಕೊಳೆಯನ್ನಲ್ಲ, ಉಳಿದಿದ್ದ ಆಯುಷ್ಯವನ್ನು.

ಎರಡು ತಿಂಗಳು ಗಾಡಿ ಚಲೋ ಓಡಿತು. ನಾನು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಆಮೇಲೆ ಬೆಳಿಗ್ಗೆ ಚಾಲೂ ಆಗಲು ಮುನಿಸು ತೋರಿಸಿತು. ಫ್ಲೈಓವರ್ ಏರುವಾಗ ಬಿಕ್ಕಿತು. ಒಂದು ದಿನ ಹೈಕೋರ್ಟಿನ ಹತ್ತಿರ ನಡುರಸ್ತೆಯಲ್ಲಿ ನಿಂತೇಬಿಟ್ಟಿತು. ಕರಿಕೋಟಿನ ನಾಲ್ವರು ವಕೀಲರು ತಳ್ಳಿದರಂತೆ. ಸುದ್ದಿ ಕೇಳಿದಾಗಲೇ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಪೆಟ್ರೋಲ್ ಸರಿಯಿಲ್ಲ ಅಂದೆ. ಬಿಸಿಲು ಜಾಸ್ತಿ ಅಂದೆ. ನಾಗಪುರದಲ್ಲಿ ಬಿಸಿಲಿನ ಮೇಲೆ ಯಾವ ತಪ್ಪನ್ನಾದರೂ ಹೊರಿಸಬಹುದು, ಯಾರೂ ಅನುಮಾನಿಸುವುದಿಲ್ಲ. ಕೊನೆಗೆ ಅಕ್ಕ ದೊಡ್ಡ ಕಾರುಗಳ ಮೆಕ್ಯಾನಿಕ್ ಒಬ್ಬನನ್ನು ಕರೆಸಿದಳು. ಅವನು ಮೊದಲು ಪ್ಲಗ್ ಬಿಚ್ಚಿ ನೋಡೋಣ ಅಂದನಂತೆ. ಅಕ್ಕ ಅವನ ಮೇಲೆ ಏರಿಹೋದಳಂತೆ. "ಪ್ಲಗ್ ಮುಟ್ಟಬ್ಯಾಡ ಅಂದೆ ನೋಡು. ಅವು ನನ್ನ ತಮ್ಮ ಹಾಕಿದ್ದು, ಹೊಸಾವು. ಅಂವಾ ಹಾಕಿದ್ದರ ಮ್ಯಾಲೆ ಮತ್ತೊಬ್ಬರು ಕೈ ಹಚ್ಚೂದು ಬ್ಯಾಡ" ಎಂದು ಅವಳೇ ನನಗೆ ಹೆಮ್ಮೆಯಿಂದ ಹೇಳಿದಳು. ಪ್ಲಗ್ ಹೊಸದಾಗಿದ್ದರೆ ಇಂಜಿನ್ನೇ ಹೋಗಿದೆ, ಇದನ್ನು ಬಿಚ್ಚಿ ಕಟ್ಟುವವರು ಈ ಕಡೆ ಯಾರೂ ಇಲ್ಲ ಎಂದು ಆ ಮನುಷ್ಯ ಹೊರಟುಹೋದ. ಆ ವಾರವೇ ಅಕ್ಕ ಕಾರು ಮಾರುವುದೆಂದು ನಿಶ್ಚಯಿಸಿದಳು. ಭಾನುವಾರ ಹತ್ತು ಗಂಟೆಗೆ ಪುಣೆಯ ಗಿರಾಕಿ ಬರುವುದಿತ್ತು.

ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ ಜಗಲಿಗೆ ಕೈ ಹಾಕಿದೆ. ದಸರೆಯಿಂದ ಈಚೆಗೆ ಗಿರಿಜಾ ಪ್ರತಿ ಸೋಮವಾರ ಅವಕ್ಕೆ ವಿಭೂತಿ ತಪ್ಪಿಸಿರಲಿಲ್ಲ.

"ಎಲ್ಲಿಗೆ ಒಯ್ತೀರಿ ಅವನ್ನ?" ಅಂದಳು.

"ಎಲ್ಲಿಗೆ ಹೋಗಬೇಕಿತ್ತೋ ಅಲ್ಲಿಗೆ."

"ಅಂದ್ರ ಇನ್ನೂ ಹಾಕಿಲ್ಲೇನ್ರಿ? ನಾನು ಇವು ಹೆಚ್ಚಿನವು ಅಂದುಕೊಂಡು ಪೂಜಿ ಮಾಡಾಕತ್ತೀನಿ! ಅಕ್ಕಾರ ಮುಂದ ಹೇಳ್ರಿ ಮೊದಲ."

"ಹೇಳೂದು ಯಾಕ? ಹಾಕಿಬಿಟ್ರ ಗಾಡಿ ಓಡ್ತೈತಿ, ಆಕೀನೂ ಮಾರೂದಿಲ್ಲ. ಮುಗೀತು."

ನನ್ನ ಏಳನೆಯ ಇಯತ್ತೆಯ ಬುದ್ಧಿ ಅಷ್ಟೇ ದೂರ ಓಡಿತು. ಗಿರಾಕಿ ಬರುವ ಮೊದಲು ಒರೆಸಿ ಇಡುತ್ತೇನೆ ಎಂದು ಅಕ್ಕನಿಗೆ ಹೇಳಿ, ಅಂಗಳದಲ್ಲಿ ಚಕ್ರ ಬಿಚ್ಚಿ, ಮೇಲಿನದು ಮೇಲೆ, ಕೆಳಗಿನದು ಕೆಳಗೆ ಎಂದು ಎರಡೆರಡು ಸಲ ನೋಡಿ ಹೊಸ ಪ್ಲಗ್ ಹಾಕಿದೆ. ಅಕ್ಕ ಮೂಲೆಯ ತಿಂಡಿಗಾಡಿಯಿಂದ ನನಗಾಗಿ ತರ್ರಿ ಪೋಹಾ, ಅಂದರೆ ಖಾರದ ರಸ ಸುರಿದ ಅವಲಕ್ಕಿ, ತಂದಳು. "ಎಷ್ಟು ಕಷ್ಟಪಡ್ತೀಯೋ ಮಾರೂ ಗಾಡಿಗೆ" ಅಂದಳು. ಪೋಹಾದ ಮೇಲಿನ ಖಾರ ಎಂದಿನಷ್ಟೇ ಇತ್ತು, ನನ್ನ ಕಣ್ಣಲ್ಲಿ ಮಾತ್ರ ಎಂದಿಗಿಂತ ಹೆಚ್ಚು ನೀರು ಬಂತು.

ಪುಣೆಯವನು ಬಂದ. ಕೀಲಿ ತಿರುಗಿಸಿದ. ಒಂದೇ ಸಲಕ್ಕೆ ಕಾರು ಎದ್ದು ಹಾಡತೊಡಗಿತು. ಅವನು ಒಂದು ಸುತ್ತು ಹೋಗಿ ಬಂದು ಇಳಿಯುವಾಗ ಬಾಯಿ ಕಿವಿಯವರೆಗೆ ಇತ್ತು. "ಮೇಡಂ, ಬಾತ್ ಪಕ್ಕಿ" ಎಂದು ವ್ಯಾಪಾರ ಮುಗಿಸಲು ಕೈ ಮುಂದೆ ಮಾಡಿದ. ನಾನು ಅಕ್ಕನ ಮುಖ ನೋಡಿದೆ, ಈಗ ಬೇಡ ಅನ್ನುತ್ತಾಳೆ ಎಂದು. ಅಕ್ಕ ಬೇಡ ಅನ್ನಲಿಲ್ಲ. ಅವನಿಗೆ ಹಿಂದಿಯಲ್ಲಿ ನಿಧಾನವಾಗಿ ತಿಳಿಸಿ ಹೇಳಿದಳು: ಇವತ್ತಿನ ಓಟ ನೋಡಿ ಮೋಸಹೋಗಬೇಡಿ, ಇದರ ಇಂಜಿನ್ ಹೋಗಿದೆ, ನಾಳೆ ಮತ್ತೆ ನಿಲ್ಲುತ್ತದೆ, ಅದನ್ನು ತಿಳಿದೇ ಕೊಂಡುಕೊಳ್ಳಿ. ಹೇಳಿ, ಕಾರಿನ ನೆತ್ತಿಯ ಮೇಲೆ ಒಮ್ಮೆ ಕೈಯಾಡಿಸಿದಳು.

ಗುರುತಿಲ್ಲದ ಗಿರಾಕಿಗೆ ಕೂಡ ಸುಳ್ಳು ಹೇಳದ ಹೆಂಗಸು. ಜೀವಮಾನದಲ್ಲಿ ಹೇಳಿದ್ದು ಒಂದೇ ಸುಳ್ಳು, ಅದೂ ನನ್ನ ಸಲುವಾಗಿ, ಒಂದು ಸೈಕಲ್ಲಿನ ವಿಷಯದಲ್ಲಿ. ನನ್ನ ಬಾಯಿ ತಾನಾಗಿ ತೆರೆಯಿತು.

"ಅಕ್ಕಾ, ಇಂಜಿನ್‌ಗೆ ಏನೂ ಆಗಿಲ್ಲ. ದಸರಾದಾಗ ನಾ ಹೊಸಾ ಪ್ಲಗ್ ಹಾಕಿರ್ಲಿಲ್ಲ. ಹಳೇವನ್ನ ತಿಕ್ಕಿ ಹಾಕಿದ್ದೆ. ಹೊಸಾವು ಇವತ್ತು ಮುಂಜಾನೆ ಹಾಕೀನಿ." ಸಾಕ್ಷಿಗೆಂದು ಜೇಬಿನಿಂದ ಹಳೆಯ ನಾಲ್ಕನ್ನು ತೆಗೆದು ತೋರಿಸಿದೆ.

ಅಕ್ಕ ಒಂದೊಂದನ್ನೇ ಎತ್ತಿ ನೋಡಿ ಮರಳಿ ನನ್ನ ಅಂಗೈಯಲ್ಲಿಟ್ಟಳು. ಆಮೇಲೆ, "ಆ ಮೆಕ್ಯಾನಿಕ್‌ನ ಜೋಡಿ ಜಗಳಾ ಆಡಿದೆನಲ್ಲೋ ನಾ, ನಿನ್ನ ಸಲುವಾಗಿ" ಅಂದಳು. ಬೈದಿದ್ದರೆ ಚೆನ್ನಾಗಿತ್ತು. ಕನ್ನಡ ತಿಳಿಯದ ಪುಣೆಯವನು ನನ್ನ ಅಂಗೈಯಲ್ಲಿದ್ದ, ಮೊನೆ ಸವೆದು ಮೊಂಡಾದ ಪ್ಲಗ್‌ಗಳನ್ನು ನೋಡಿದ, ನನ್ನನ್ನು ನೋಡಿದ, ಎಲ್ಲವನ್ನೂ ತಿಳಿದುಕೊಂಡು ನಕ್ಕುಬಿಟ್ಟ. ದೊಡ್ಡ ಮನುಷ್ಯ. ಇನ್ನು ಮಾರುವುದಿಲ್ಲ ಎಂದು ಅಕ್ಕ ಹೇಳಿದಾಗ, ಅಷ್ಟು ದೂರದಿಂದ ಬಂದವನು ಬೇಸರಿಸದೆ ಚಹಾ ಕುಡಿದು, ಗಾಡಿಯನ್ನು ಚೆನ್ನಾಗಿ ನೋಡಿಕೊಳ್ಳಿ ಎಂದು ಹೇಳಿ ಬರಿಗೈಯಲ್ಲಿ ಹೋದ.

ಅಕ್ಕ ಸೆರಗು ಸಿಕ್ಕಿಸಿದಳು. "ಕೂಡು" ಅಂದಳು. ಕೂತೆ, ಭಾವ ಹೇಳಿದ ಹಾಗೆ ಮಲಗಿದೆ. ಕಾರು ಸಿವಿಲ್ ಲೈನ್ಸಿನ ಮರಗಳ ಕೆಳಗೆ ಬಾಣದ ಹಾಗೆ ಹೊರಟಿತು. ಅವಳ ತುಟಿಯ ತುದಿಯಲ್ಲಿ ಆ ಹದಿನಾರರ ಹುಡುಗಿ ನಿಧಾನವಾಗಿ ಮರಳಿ ಬರುತ್ತಿದ್ದಳು. ನಾನು ಹೇಳಿದ್ದು ಮೆಕ್ಯಾನಿಕ್ಕಿನ ರಿಪೋರ್ಟು ಮಾತ್ರ, ಹೇಳಬೇಕಾದ ಮಾತು ಹಾಗೆಯೇ ಉಳಿದಿದೆ ಎಂದು ಆಗ ಹೊಳೆಯಿತು. ನಮ್ಮ ಮನೆಯಲ್ಲಿ ಆ ಮಾತು ಆಡುವ ರೂಢಿಯಿಲ್ಲ. ತಪ್ಪು ಮಾಡಿದವರು ಒಂದು ಪೊಟ್ಟಣ ಸಂತ್ರಾ ಬರ್ಫಿ ತಂದಿಟ್ಟು ಸುಮ್ಮನಾಗುತ್ತೇವೆ. ಧೈರ್ಯ ಮಾಡಿ ಸಣ್ಣ ದನಿಯಲ್ಲಿ ಹೇಳಿದೆ. "ಏನಂದಿ? ಈ ಸಪ್ಪಳದಾಗ ಏನೂ ಕೇಳವಲ್ದು" ಅಂದಳು. ಇನ್ನೊಮ್ಮೆ ಹೇಳಿದೆ. ಅವಳು ಗೇರ್ ಬದಲಿಸಿ ಇಂಜಿನ್ನನ್ನು ಇನ್ನಷ್ಟು ಕೂಗಿಸಿದಳು. "ಜೋರಾಗಿ ಹೇಳೋ!" ಅಂದಳು. ನಾನು ಎದೆ ತುಂಬ ಉಸಿರು ಎಳೆದುಕೊಂಡೆ. ಅಷ್ಟರಲ್ಲಿ ಸಿಗ್ನಲ್ ಕೆಂಪಾಯಿತು, ಕಾರು ನಿಂತಿತು, ಇಂಜಿನ್ ಬೆಕ್ಕಿನ ಹಾಗೆ ಮೆತ್ತಗಾಯಿತು. ಆದರೆ ಎಳೆದುಕೊಂಡ ಉಸಿರು ಒಳಗೆ ನಿಲ್ಲಲಿಲ್ಲ. ಎಡಕ್ಕೆ ನಿಂತಿದ್ದ ಆಟೋದವನು ಬೆಚ್ಚಿ ಹಾರ್ನ್ ಒತ್ತುವಷ್ಟು ಜೋರಾಗಿ, ನಾಗಪುರದ ನಡುಬೀದಿಯಲ್ಲಿ, ನಾನು ಕೂಗಿದೆ:

"ತಪ್ಪಾತು ಅಕ್ಕಾ! ಪ್ಲಗ್ಗಿಂದೂ ತಪ್ಪಾತು, ಆ ಸೈಕಲ್ಲಿಂದೂ ತಪ್ಪಾತು!"