ಅತ್ತೆಯ ಲ್ಯಾಬಿನ ಮಡಿ

ನಮ್ಮ ಅತ್ತೆಗೆ ದೇವರಲ್ಲಿ ನಂಬಿಕೆಯಿಲ್ಲ. ಆದರೂ ಅವರಷ್ಟು ಮಡಿ ಮಾಡುವವರು ಸೊರಬ, ಶಿಕಾರಿಪುರ ಎರಡೂ ತಾಲ್ಲೂಕು ಜಾಲಾಡಿದರೂ ಸಿಗಲಿಕ್ಕಿಲ್ಲ! ಮಡಿ ಯಾರಿಗೆ ಅಂತೀರಾ? ಆರ್‌ಎನ್‌ಎಗೆ.

ಬೀಜದ ಶುಂಠಿಯಲ್ಲಿ ವೈರಸ್ಸಿನ ಆರ್‌ಎನ್‌ಎ ಇದೆಯೇ ಎಂದು ಹುಡುಕುವುದು ಶಿಕಾರಿಪುರದ ಅವರ ಪುಟ್ಟ ಲ್ಯಾಬಿನ ಕೆಲಸ. ಬರಿಗೈ ತಗುಲಿದರೂ ಎಂಜಲು ಹಾರಿದರೂ ಅದು ಹಾಳಾಗುತ್ತದಂತೆ. ಹಾಗಾಗಿ ಸಹಾಯಕನಾದ ನಾನು ಅಲ್ಲಿ ಬಾಯಿ ತೆರೆಯುವಂತಿಲ್ಲ. ಊರವರ ದನಿಯನ್ನೆಲ್ಲ ಅಣಕಿಸಿಕೊಂಡೇ ಬದುಕಿರುವವನಿಗೆ ಇದಕ್ಕಿಂತ ಘೋರ ಶಿಕ್ಷೆಯುಂಟೇ?

ಒಮ್ಮೆ ತಡೆಯಲಾರದೆ ಅತ್ತೆಯದೇ ದನಿಯಲ್ಲಿ, "ಗ್ಲೌಸ್ ಹಾಕ್ಯಂಡ್ಯನಾ ಮಾರಾಯಾ?" ಅಂದೆ. ಅವರ ಕೈಕೆಳಗೆ ಪಿಎಚ್‌.ಡಿ. ಮಾಡುತ್ತಿದ್ದ ಶಬಾನಾ ಕಿಸಕ್ಕನೆ ನಕ್ಕಳು. ಎಂಜಲು ಹಾರಿತೆಂದು ಅತ್ತೆ ಅಷ್ಟೂ ಶುಂಠಿರಸವನ್ನು ಸಿಂಕಿಗೆ ಸುರಿದರು.

"ನಾಟಕ ಮುಗಿತಾ? ಇನ್ನು ಶುಂಠಿ ಅರಿಯಾಕೆ ಕೂತ್ಕ!"

ಆ ದಿನವಿಡೀ ಅರೆದೆ. ಮದುವೆಮನೆ ಅಡುಗೆಯವರೂ ಅಷ್ಟು ಅರೆದಿರಲಾರರು!

ಆರ್‌ಎನ್‌ಎ ಕಣ್ಣಿಗೆ ಕಾಣದು. ಅದಕ್ಕೆ ಹೋಗಿ ಅಂಟಿಕೊಳ್ಳುವ ತುಣುಕೊಂದಕ್ಕೆ ಗುರುತು ಕಟ್ಟಿ ಬಿಡಬೇಕು. ಅತ್ತೆಯ ಗುರುತು ವಿಕಿರಣದ್ದು. ಎಕ್ಸ್‌ರೇ ಫಿಲ್ಮಿನ ಮೇಲೆ ಕಾಡಿಗೆ ಇಟ್ಟಂಥ ಚುಕ್ಕಿ ಬೀಳುತ್ತಿತ್ತು. ವಿಕಿರಣವಿಲ್ಲದೆ ಬಣ್ಣ ಬರಿಸುವ ವಿಧಾನವೂ ಇದೆ ಎಂದು ಯಾರಾದರೂ ಹೇಳಿದರೆ, "ಅದೆಂತದು, ಹೋಳಿ ಆಡದಾ?" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಶಬಾನಾ ನೆಲ ನೋಡುತ್ತ ಹೇಳಿದಳು: "ಮೇಡಂ, ನಾನೀಗ ಬಸುರಿ ಅದೀನ್ರೀ. ವಿಕಿರಣದ ಹತ್ರ ಬರಂಗಿಲ್ಲ. ಪಿಎಚ್‌.ಡಿ. ಬಿಟ್‌ಬಿಡ್ತೀನಿ."

ಬಿಟ್ಟವಳು ಮರಳಿ ಬರುವುದು ಕಷ್ಟವೆಂದು ಮೂವರಿಗೂ ಗೊತ್ತಿತ್ತು.

"ಬಿಟ್ಟು ಹೋಗಬೇಕಾದ್ದು ನೀನಲ್ಲ, ವಿಕಿರಣ," ಎಂದರು ಅತ್ತೆ.

ಬಣ್ಣದ ಬದಲು ಬೆಳಕು ಹೊಮ್ಮಿಸುವ ಇನ್ನೊಂದು ವಿಧಾನವಿತ್ತು. ಅದರಲ್ಲಿಯೂ ಫಿಲ್ಮಿನ ಮೇಲೆ ಕಪ್ಪು ಚುಕ್ಕಿಯೇ ಬರುತ್ತದೆ. ಆದರೆ ಅದರ ರಾಸಾಯನಿಕ ತರಿಸಲು ವಾರಗಟ್ಟಲೆ ಬೇಕು. ಆನವಟ್ಟಿಯ ರೈತರು ಬಿತ್ತನೆಗೆ ಮುಂಚೆ ಉತ್ತರ ಕೇಳುತ್ತಿದ್ದರು. ಬಣ್ಣದ ಸಾಮಾನೆಲ್ಲ ಫ್ರಿಜ್ಜಿನಲ್ಲೇ ಇತ್ತು. ಇನ್ನು ಬೇಕಾದದ್ದು ಒಳ್ಳೆಯ ಕಣ್ಣು, ಅಷ್ಟೆ.

ಶುಂಠಿರಸ ಹಚ್ಚಿದ ಬಿಳಿ ಪೊರೆಯ ಮೇಲೆ ತೆಳು ನೇರಳೆ ಚುಕ್ಕಿಗಳು ಮೂಡತೊಡಗಿದವು. ಅತ್ತೆ ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡು ಬಗ್ಗಿದರು. ಮತ್ತೆ ಒರೆಸಿದರು. ಆಗ ನನಗೆ ಹೊಳೆಯಿತು: ಅಷ್ಟು ತೆಳು ಬಣ್ಣ ಅವರಿಗೆ ಕಾಣುವುದಿಲ್ಲ. ಕಾಣುವುದಿಲ್ಲವೆಂದು ಗೊತ್ತಿದ್ದೇ ಬಣ್ಣದ ವಿಧಾನಕ್ಕೆ ಒಪ್ಪಿಕೊಂಡಿದ್ದರು.

ಯಾರ ಕಣ್ಣನ್ನೂ ನಂಬದ ಅತ್ತೆ, ತಮ್ಮ ಕುರ್ಚಿಯನ್ನು ಶಬಾನಾಳ ಕಡೆಗೆ ಎಳೆದರು.

"ಕೂತ್ಕ. ನಂಗೆ ಕಾಣಲ್ಲ ಕಣೇ. ನೀನು ಹೇಳಿದ್ದೇ ರಿಸಲ್ಟು."