ಪಾತ್ರದಲ್ಲಿದ್ದು ಮಾತಾಡತಕ್ಕದ್ದು

ನಂಬುವುದಿಲ್ಲವೆಂದರೆ ಬಿಡಿ. ಹೆಮ್ಮಾಡಿಯಲ್ಲಿ ಬಸ್ಸಿಳಿದು ಯಾರನ್ನು ಬೇಕಾದರೂ ಕೇಳಿ, ನಂಬದವನನ್ನೇ ಅವರು ಪೆದ್ದ ಅಂದಾರು. ಕುದ್ರುಬೈಲು ಗ್ರಾಮ ಪಂಚಾಯ್ತಿಯಲ್ಲಿ ವಾಕ್ ಸ್ವಾತಂತ್ರ್ಯ ಸಂಪೂರ್ಣವಾಗಿ ಜಾರಿಯಲ್ಲಿದೆ. ದೆಹಲಿಯಲ್ಲೂ ಇಷ್ಟು ಅಚ್ಚುಕಟ್ಟಾಗಿಲ್ಲ. ಅದನ್ನು ತಂದವನು ಮೀನು ಮಾರುವ ಸರಸಕ್ಕನ ಮಗ ಸುಜನ್. ಅವನು ಹೊಳೆಯ ಈ ದಡದಲ್ಲಿ ಕೆಮ್ಮಿದರೆ ಆ ದಡದ ಎಮ್ಮೆ ತಲೆಯೆತ್ತುತ್ತದೆ. ಅಂಥ ಗಂಟಲು ತಾಲ್ಲೂಕಿಗೆ ಒಂದೇ ಎಂದು ಅವನೇ ಹೇಳಿದ್ದಾನೆ.

ವಿಷಯ ಬಾವಿಯದ್ದು. ಮಳೆ ನಿಂತ ಕೂಡಲೇ ಕಿಂಡಿ ಅಣೆಕಟ್ಟಿಗೆ ಹಲಗೆ ಇಳಿಸಬೇಕು. ಇಲ್ಲದಿದ್ದರೆ ಕಡಲಿನ ಉಪ್ಪುನೀರು ಹೊಳೆಯಲ್ಲಿ ಮೇಲೇರಿ ಬಾವಿಗಳಿಗೆ ನುಗ್ಗುತ್ತದೆ. ಈ ಸಲ ಹಲಗೆ ಇಳಿಸಿದ್ದಕ್ಕೆ ಬಿಲ್ಲು ಪಾಸಾಯಿತು. ಹಲಗೆ ಮಾತ್ರ ಅಧ್ಯಕ್ಷ ಚಂದ್ರಣ್ಣನವರ ಹೊಸ ಹೋಂಸ್ಟೇಯ ಜಗಲಿಯಲ್ಲಿ ವಾರ್ನಿಷ್ ಬಳಿಸಿಕೊಂಡು ಮಲಗಿತ್ತು. ಸರಸಕ್ಕನ ಬಾವಿ ಉಪ್ಪಾಯಿತು. ಮೀನಿನ ಬುಟ್ಟಿಯ ಜೊತೆಗೆ ಈಗ ಕುಡಿಯುವ ನೀರನ್ನೂ ಆಕೆ ತಲ್ಲೂರಿನ ನೆಂಟರ ಮನೆಯಿಂದ ಹೊರಬೇಕಾಯಿತು.

ಸುಜನ್ ಗ್ರಾಮಸಭೆಯಲ್ಲಿ ಎದ್ದುನಿಂತ. ಮೈಕು ಕೊಡಬಂದವನನ್ನು ಕೈಸನ್ನೆಯಲ್ಲೇ ಕೂರಿಸಿ, ಅಬ್ಬಿಯ, ಅಂದರೆ ತಾಯಿಯ, ಪರವಾಗಿ ಕೇಳಿದ.

"ಹ್ವಾಯ್ ಚಂದ್ರಣ್ಣ, ನೀವ್ ಹೊಳಿ ಹಲ್ಗಿ ಮೇಲ್ ಕಾಲ್ ನೀಡ್ಕಂಡ್ ಕೂಕಂತ್ರಿ. ನಮ್ಮ ಅಬ್ಬಿ ಎಂತ ಕುಡೂದ್?"

ಪಿಡಿಒ ದಿವ್ಯಾ ಮೇಡಂ ಕಾನೂನನ್ನು ಸಮಾಧಾನವಾಗಿ ವಿವರಿಸಿದರು. ಮಾತಿಗೆ ಸ್ವಾತಂತ್ರ್ಯವಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಹೋಗಿ ತಾಗಿದ ಅಧ್ಯಕ್ಷರ ಮನಸ್ಸು ಖಾಸಗಿ ಸ್ವತ್ತು. ಆದ್ದರಿಂದ ಇದು ಅತಿಕ್ರಮ ಪ್ರವೇಶ. ಸುಜನ್‌ನನ್ನು ಠಾಣೆಯ ಬೆಂಚಿನಲ್ಲಿ ಸಂಜೆವರೆಗೆ ಕೂರಿಸಿ, ಪಂಚಾಯ್ತಿ ವ್ಯಾಪ್ತಿಯೊಳಗೆ ಹಲಗೆ ಎಂಬ ಪದವನ್ನು ಉಚ್ಚರಿಸುವುದಿಲ್ಲವೆಂದು ಮುಚ್ಚಳಿಕೆ ಬರೆಸಿಕೊಳ್ಳಲಾಯಿತು.

ಅದೇ ವಾರ ಯುವಕ ಮಂಡಲದ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಬಾಯಲ್ಲಿ ಯುದ್ಧ. ರಕ್ಕಸನ ಅರ್ಥ, ಅಂದರೆ ಅವನ ಮಾತು, ಹೇಳಬೇಕಾದವರಿಗೆ ಗಂಟಲು ಕಟ್ಟಿತ್ತು. ಗಂಟಲಿದ್ದವನು ಕುಳಿತ. ಎದುರು ದೇವರಾಜನಾಗಿ ಮುದುಕ ಕುಷ್ಟಣ್ಣ.

"ಎಲೈ ದೇವರಾಜ," ಎಂದ ಸುಜನ್, "ಹೊಳೆಯ ಹಲಗೆಯನ್ನು ಕದ್ದು ಸ್ವರ್ಗದ ಜಗಲಿಗೆ ಹಾಸಿದೆ. ಬಡವಿಯ ಬಾವಿಗೆ ಕಡಲನ್ನೇ ಬಿಟ್ಟೆ. ನಿನ್ನ ಮುಂದೆ ನಾನು ಎಷ್ಟರ ರಕ್ಕಸ?"

ಮೊದಲು ಚಪ್ಪಾಳೆ ತಟ್ಟಿದವರು ಚಂದ್ರಣ್ಣ. ನಕ್ಕು ನಕ್ಕು ಅವರ ಕಣ್ಣಲ್ಲಿ ನೀರು ಬಂತು, ಅದೂ ಉಪ್ಪೇ. ಈ ಕಡೆ ಅರ್ಥ ಕೇಳಿ ಸಿಟ್ಟಾದವನನ್ನು ಕಲೆ ಗೊತ್ತಿಲ್ಲದವನು ಅನ್ನುತ್ತಾರೆ. ಆಮೇಲೆ ಅವನು ಹಾಲಾಡಿ ಪೇಟೆಯಲ್ಲೂ ತಲೆಯೆತ್ತಿ ನಡೆಯುವಂತಿಲ್ಲ. ಕೇಳಲು ಬಂದಿದ್ದ ಪೊಲೀಸರೂ ತಲೆದೂಗಿದರು. ಮುಚ್ಚಳಿಕೆಗೆ ಸಹಿ ಹಾಕಿದವನು ಸುಜನ್, ರಕ್ಕಸನಲ್ಲ.

ಮರುದಿನವೇ ಪಂಚಾಯ್ತಿ ಗೋಡೆಗೆ ಪ್ರಕಟಣೆ ಬಿತ್ತು:

"ಇನ್ನು ಮುಂದೆ ಗ್ರಾಮಸಭೆಯಲ್ಲಿ ಟೀಕೆ, ದೂರು, ಪ್ರಶ್ನೆ ಇತ್ಯಾದಿಗಳನ್ನು ಸಾರ್ವಜನಿಕರು ಯಾವುದೇ ಭಯವಿಲ್ಲದೆ, ರಕ್ಕಸ ಪಾತ್ರದಲ್ಲಿದ್ದು ಮಾಡತಕ್ಕದ್ದು. ದೇವರಾಜನ ಪಾತ್ರವನ್ನು ಅಧ್ಯಕ್ಷರಿಗೆ ಮೀಸಲಿಡಲಾಗಿದೆ. ಕೊನೆಯಲ್ಲಿ ರಕ್ಕಸನು ಸೋಲತಕ್ಕದ್ದು. ಸೋತವನ ದೂರು ಇತ್ಯರ್ಥವಾಯಿತೆಂದು ಭಾವಿಸತಕ್ಕದ್ದು."

ಆಮೇಲೆ ಗ್ರಾಮಸಭೆಗೆ ಕೂರಲು ಜಾಗವಿಲ್ಲ. ಜಲಜಕ್ಕ ದಾರಿದೀಪದ ವಿಷಯವೆತ್ತಿ ರಕ್ಕಸಿಯಾಗಿ ಎಷ್ಟು ಚೆಂದ ಸತ್ತಳೆಂದರೆ ಒನ್ಸ್ ಮೋರ್ ಕೇಳಿ ಇನ್ನೊಮ್ಮೆ ಸಾಯಿಸಿದರು. ದೀಪ ಉರಿಯಲಿಲ್ಲ, ಆ ಮಾತು ಬೇರೆ. ಬೈಂದೂರು ಕಡೆಯ ಪಂಚಾಯ್ತಿಯವರು ವ್ಯಾನು ಮಾಡಿಕೊಂಡು ಅಧ್ಯಯನಕ್ಕೆ ಬಂದರು. ಇದೆಲ್ಲ ತನ್ನ ಗಂಟಲಿನ ಕೊಡುಗೆಯೆಂದು ಸುಜನ್ ಅವರಿಗೆ ಚಾ ಕುಡಿಸಿ ತಿಳಿಸಿದ. ಮೀಸೆಗೂ ಎಣ್ಣೆ ಹಚ್ಚತೊಡಗಿದ.

ಹೀಗಿರುವಾಗ ಒಂದು ಸಭೆಗೆ ಸರಸಕ್ಕ ಬಂದಳು. ಬಾವಿ ನೀರಿನ ಕೊಡಪಾನವನ್ನು ತಂದು ಮೇಜಿನ ಮೇಲಿಟ್ಟಳು.

"ಮಗಾ, ಒಂದ್ ಗುಟ್ಕ್ ಕುಡ್ದ್ ಕಾಣ್," ಎಂದಳು ದಿವ್ಯಾ ಮೇಡಂಗೆ.

"ಅಮ್ಮಾ, ನಿಮ್ಮದು ಯಾವ ಪಾತ್ರ?"

"ನಾನ್ ಸರಸ."

ಆ ಹೆಸರಿನ ರಕ್ಕಸಿ ಯಾವ ಪುರಾಣದಲ್ಲೂ ಇಲ್ಲವೆಂದು ಮೇಡಂ ಖೇದ ವ್ಯಕ್ತಪಡಿಸಿದರು. ಜನ ಮುಜುಗರದಿಂದ ಚಪ್ಪಲಿ ನೋಡಿಕೊಂಡರು. ಸಭ್ಯರ ನಡುವೆ ಸ್ವಂತ ದನಿಯಲ್ಲಿ ಮಾತಾಡುವುದೆಂದರೆ!

ಸುಜನ್ ಎದ್ದ. "ಅದ್ ನನ್ನ ಅಬ್ಬಿ. ನೀರ್ ಉಪ್ಪಾಯ್ತ್," ಎಂದ. ಎಮ್ಮೆ ಎಬ್ಬಿಸುವ ಆ ಗಂಟಲಿನಿಂದ ಹೊರಟದ್ದು ಎರಡನೇ ಸಾಲಿಗೂ ತಲುಪಲಿಲ್ಲ.

"ಎಂತ ಮಾರಾಯಾ, ಸಪ್ಪೆ ಆಯ್ತಲೆ. ಅರ್ಥ ಹೇಳಾ," ಎಂದರು ಹಿಂದಿನಿಂದ.

ಅವನು ಅಬ್ಬಿಯನ್ನು ನೋಡಿದ. ಸಭೆಯನ್ನು ನೋಡಿದ. ಸಭೆ ದೊಡ್ಡದಿತ್ತು. ಎದೆ ಸೆಟೆಸಿ "ಎಲೈ ದೇವರಾಜ" ಎಂದು ಅಬ್ಬರಿಸಿದ ಮೇಲೆಯೇ ಎಲ್ಲರಿಗೂ ಉಸಿರು ಬಂದದ್ದು. ಚಾ ಬರುವುದರೊಳಗೆ ನಿಯಮದಂತೆ ಸೋತ. ಬಾವಿಯ ದೂರು ಇತ್ಯರ್ಥವಾಯಿತು. ಸರಸಕ್ಕ ಕೊಡಪಾನ ಎತ್ತಿಕೊಂಡು ಹೊರಟಳು.

ಈಗ ಆಕೆ ಗಂಜಿಗೆ ಉಪ್ಪು ಹಾಕುವುದಿಲ್ಲ. ಇದನ್ನು ಪಂಚಾಯ್ತಿಯ ವಾರ್ಷಿಕ ವರದಿಯಲ್ಲಿ ಉಳಿತಾಯದಡಿ ತೋರಿಸಲಾಗಿದೆ. ಸುಜನ್‌ಗೆ ಶಾಲು ಹೊದೆಸಿ, ಮುಂದಿನ ಐದು ವರ್ಷದ ರಕ್ಕಸನ ಪಾತ್ರವನ್ನು ಅವಿರೋಧವಾಗಿ ಕೊಡಲಾಯಿತು.